ಎರಡು ಜೀವದ ಪೆಟ್ಟಿಗೆ

ಸಾಮ್ರಾಜ್ಯಗಳು ಉರುಳುವುದು ಶತ್ರುಗಳ ದಾಳಿಯಿಂದಲ್ಲ. ಇಲ್ಲದ ವಸ್ತುವನ್ನು ಇಲ್ಲ ಎಂದು ಬಾಯಿಬಿಟ್ಟು ಹೇಳುವವರು ಒಬ್ಬರೂ ಉಳಿಯದಿದ್ದಾಗ ಅವು ಉರುಳುತ್ತವೆ. ಈ ಮಹಾಸತ್ಯ ನನಗೆ ದರ್ಶನವಾದದ್ದು ಬಿಡದಿಯ ಒಂದು ತಟ್ಟೆ ಇಡ್ಲಿ ಹೋಟೆಲಿನಲ್ಲಿ, ವಡೆ ಬಾರದೆ ಹೋದಾಗ.

"ಇಡ್ಲಿ ಕೊಡಪ್ಪ, ವಡೆ ಇದ್ರೆ ಹಾಕು" ಎಂದಿದ್ದೆ. ಇಡ್ಲಿ ಬಂತು, ಚಟ್ನಿ ಬಂತು, ಕೇಳದಿದ್ದ ಬೆಣ್ಣೆಯೂ ಬಂತು. ನಾನು ವಡೆಗಾಗಿ ಚಟ್ನಿ ಉಳಿಸಿಕೊಂಡು ಕೂತೆ. ಕೊನೆಗೆ ಸಪ್ಲೈಯರನ್ನು ಕರೆದು ಕೇಳಿದರೆ, "ಇದ್ರೆ ಹಾಕು ಅಂದ್ರಿ ಸಾರ್. ಇರ್ನಿಲ್ಲ, ಹಾಕ್ನಿಲ್ಲ" ಎಂದ. ಅವನ ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆಯೂ ನನಗಿರಲಿಲ್ಲ. ಅದೇ ಮಾತನ್ನು ನಾನು ಒಂದು ಕಂಪ್ಯೂಟರಿಗೆ ಹೇಳಿ, ಕೈಲಾಂಚದ ಒಂದು ರೇಷ್ಮೆ ಹುಳುಮನೆಯ ಉಸಿರು ಕಟ್ಟಿಸಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ.

ರಾಮನಗರದ ಹೊರಗೆ ಒಂದು ತಗಡಿನ ಶೆಡ್ಡಿನಲ್ಲಿ ನಮ್ಮ ಕಾರ್ಖಾನೆ. ಕಾರ್ಖಾನೆ ಎಂಬ ಘನವಾದ ಪದ ಬೋರ್ಡಿನ ಮೇಲಷ್ಟೇ ಇದೆ. ಒಳಗಿರುವುದು ಮಾಲೀಕರು, ನಾನು, ಮಾಗಡಿಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಕಿರಿಯ ಇಂಜಿನಿಯರ್, ಮತ್ತು ಬೆಸುಗೆ ಹಾಕುವ ಕೆಲವರು. ನಾವು ಎರಡು ಥರದ ಪೆಟ್ಟಿಗೆ ಮಾಡುತ್ತೇವೆ. ಒಂದು ಚನ್ನಪಟ್ಟಣದ ಬೊಂಬೆ ಮಾಡುವವರು ಮರ ಕಡೆಯುವ ಕಡಚಲು ಯಂತ್ರಕ್ಕೆ, ಮೋಟಾರಿನ ವೇಗ ಹಿಡಿದಿಡಲು. ಇನ್ನೊಂದು ರೇಷ್ಮೆ ಸಾಕುವವರ ಹುಳುಮನೆಗೆ. ಗೋಡೆಗೆ ನೇತು ಹಾಕಿದರೆ ಒಳಗಿನ ಬಿಸಿ, ತೇವ ನೋಡಿಕೊಂಡು ಗಾಳಿ ಹೊರಹಾಕುವ ಫ್ಯಾನನ್ನು ತಾನೇ ಓಡಿಸುತ್ತದೆ, ತಾನೇ ನಿಲ್ಲಿಸುತ್ತದೆ, ಹದ ತಪ್ಪಿದರೆ ಮನೆಯವರ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಒಳಗೊಂದು ಸಿಮ್ ಇದೆ. ಹೊಸ ಪ್ರೋಗ್ರಾಂ ಬಂದರೆ ನಾವು ಶೆಡ್ಡಿನಲ್ಲಿ ಕೂತೇ ಅದನ್ನು ಊರೂರಿನ ಪೆಟ್ಟಿಗೆಗಳಿಗೆ ಕಳಿಸಬಹುದು.

ಈ ಪೆಟ್ಟಿಗೆಯಲ್ಲಿ ಎಲ್ಲರಿಗಿಂತ ಮೊದಲು ಏಳುವ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಅದಕ್ಕೆ ಬೂಟ್‌ಲೋಡರ್ ಎನ್ನುತ್ತಾರೆ. ತುಂಬಿದ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಬಾಗಿಲು ತೆಗೆದು, ಒಲೆ ಹಚ್ಚಿ, ಆಮೇಲೆ ಉಳಿದವರನ್ನು ಎಬ್ಬಿಸುವ ಸೊಸೆಯ ಕೆಲಸ ಅದರದ್ದು. ಎಲ್ಲ ಸರಿಯಿದ್ದಾಗ ಅದರ ಹೆಸರೂ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಬೂಟ್‌ಲೋಡರ್ ಎದ್ದೊಡನೆ ಮುಖ್ಯ ಪ್ರೋಗ್ರಾಮನ್ನು ಮುಟ್ಟಿ ನೋಡುತ್ತದೆ. ಅದು ಕೆಟ್ಟಿದ್ದರೆ ಪಕ್ಕದಲ್ಲಿ ಮಲಗಿಸಿಟ್ಟ ಎರಡನೇ ಪ್ರತಿಯನ್ನು ಎಬ್ಬಿಸುತ್ತದೆ. ಆ ಪ್ರತಿಗೆ ರಿಕವರಿ ಎಂದು ಹೆಸರು. ಅದಕ್ಕೆ ಚಂದದ ಪರದೆ ಗಿರದೆ ಗೊತ್ತಿಲ್ಲ, ಫ್ಯಾನು ಓಡಿಸುವುದು ಮಾತ್ರ ಗೊತ್ತು. ಹೊಸ ಪ್ರೋಗ್ರಾಂ ಬರೆಯುವಾಗ ನಡುವೆ ಕರೆಂಟು ಹೋದರೂ ಪೆಟ್ಟಿಗೆ ಸಾಯಬಾರದು, ಅಷ್ಟೇ ಅದರ ಉದ್ದೇಶ.

ಕೈಲಾಂಚದಲ್ಲಿ ಮೊದಲ ಪೆಟ್ಟಿಗೆ ಹಾಕಿಸಿಕೊಂಡವರು ಒಬ್ಬ ಅಕ್ಕ. ಹಿಪ್ಪುನೇರಳೆ ತೋಟ, ಎರಡು ಹಸು, ಗಟ್ಟಿ ಗಂಟಲು. ಅವರನ್ನು ಒಪ್ಪಿಸಲು ಹೋದವನು ನಾನೇ. "ಮಧ್ಯದಲ್ಲಿ ಕೆಟ್ಟೋದ್ರೆ ಏನ್ ಸಾರ್ ಗತಿ? ಹುಳ ಏನ್ ನಿಮ್ಮ ಕಂಪ್ನಿಯೋರು ಬರೋಗಂಟ ಕಾಯ್ತದಾ?" ಎಂದು ಅವರು ಕೇಳಿದಾಗ ನಾನು ಪುರೋಹಿತರ ಗಾಂಭೀರ್ಯದಲ್ಲಿ, "ಇದಕ್ಕೆ ಎರಡು ಜೀವ ಇದೆ ಅಕ್ಕ. ಒಂದು ಹೋದ್ರೆ ಇನ್ನೊಂದು" ಎಂದಿದ್ದೆ. ಆ ಮಾತಿಗೆ ಅವರು ಒಪ್ಪಿದ್ದು. ಅವರ ಮಾತಿಗೆ ಸುತ್ತಲಿನ ಹುಳುಮನೆಯವರು ಒಪ್ಪಿದ್ದು.

ಈಗ ನನ್ನ ಪಾಪದ ಕಡೆಗೆ ಬರುತ್ತೇನೆ. ಅದು ಮೇಕ್‌ಫೈಲ್ ಎಂಬ ಕಡತದಲ್ಲಿದೆ. ಅಡುಗೆಯವರಿಗೆ ಕೊಡುವ ಊಟದ ಪಟ್ಟಿಯಂತೆ, ಕಂಪ್ಯೂಟರು ಏನೇನು ತಯಾರಿಸಬೇಕು, ಯಾವುದಾದ ಮೇಲೆ ಯಾವುದು ಎಂದು ಅದರಲ್ಲಿ ಬರೆದಿರುತ್ತೇವೆ. ಪಟ್ಟಿಯ ಒಂದೊಂದು ಐಟಮಿಗೂ ಟಾರ್ಗೆಟ್ ಎಂದು ಹೆಸರು. ಬೂಟ್‌ಲೋಡರ್ ಒಂದು ಟಾರ್ಗೆಟ್, ಮುಖ್ಯ ಪ್ರೋಗ್ರಾಂ ಒಂದು, ರಿಕವರಿ ಒಂದು, ಕೊನೆಗೆ ಇವೆಲ್ಲವನ್ನೂ ಕಟ್ಟಿ ಒಂದು ಪೊಟ್ಟಣ. ಬೊಂಬೆ ಯಂತ್ರದ ಪೆಟ್ಟಿಗೆಯಲ್ಲಿ ರಿಕವರಿಗೆ ಜಾಗವೇ ಇಲ್ಲ, ಅಷ್ಟು ಸಣ್ಣ ಚಿಪ್ ಅದರದ್ದು. ಹಾಗಾಗಿ ಅಲ್ಲಿ ಅದು ಬೇಡ, ಹುಳುಮನೆಗೆ ಬೇಕು. ಇಂಥದ್ದನ್ನು ನಮ್ಮ ಕಡೆ ಐಚ್ಛಿಕ ಟಾರ್ಗೆಟ್ ಎನ್ನುತ್ತೇವೆ. ಐಚ್ಛಿಕ ಎಂದರೆ ಯಾರ ಇಚ್ಛೆ ಎಂಬ ಪ್ರಶ್ನೆ ಅಲ್ಲಿಯವರೆಗೆ ನನಗೆ ಬಂದಿರಲಿಲ್ಲ.

ಇದರ ಜೊತೆಗೆ ನನ್ನದೊಂದು ಹಳೆಯ ಕಾಲದ ಮಡಿ ಇತ್ತು. ಮನುಷ್ಯರು ಬರೆದ ಪ್ರೋಗ್ರಾಮಿನ ಜೊತೆ ಕಂಪ್ಯೂಟರು ತಯಾರಿಸಿದ ಫೈಲನ್ನು ಬೆರೆಸಿ ಇಡಬಾರದು ಎಂಬ ಮಡಿ. ರಿಕವರಿಯನ್ನು ಒಮ್ಮೆ ತಯಾರಿಸಿ, ಚೆನ್ನಾಗಿ ಪರೀಕ್ಷೆ ಮಾಡಿ, ಶೆಡ್ಡಿನ ಹಳೆಯ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಇಟ್ಟಿದ್ದೆ. ಅದರ ಇನ್ನೊಂದು ನಕಲು ಎಲ್ಲೂ ಇರಲಿಲ್ಲ. ಮಡಿಯೆಂದರೆ ಹಾಗೇ.

ಆಯುಧಪೂಜೆ ಬಂತು. ಮಾಲೀಕರು ಆ ದಿನಕ್ಕೆಂದೇ ಹೊಸ ಕಂಪ್ಯೂಟರ್ ತಂದಿದ್ದರು. ಹಳೆಯದಕ್ಕೆ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಕೃತಜ್ಞತೆಯಿಂದ ಆಫ್ ಮಾಡಿ ಮೂಲೆಗೆ ಸರಿಸಲಾಯಿತು. ಹೊಸದರ ಎಂಟರ್ ಬಟನ್ನಿನ ಮೇಲೂ ಒಂದು ಬೊಟ್ಟು ಕುಂಕುಮ. ಮಂಗಳಾರತಿಯ ತಟ್ಟೆ ಕೆಳಗಿಡುವ ಮೊದಲು ಹೊಸ ಕಂಪ್ಯೂಟರಿನಲ್ಲಿ ಒಂದು ಬಿಲ್ಡ್, ಅಂದರೆ ಪಟ್ಟಿಯಂತೆ ಪೊಟ್ಟಣ ಕಟ್ಟುವ ಕೆಲಸ, ಆಗಬೇಕು, ಅದು ನಮ್ಮ ಸಂಪ್ರದಾಯ. ಬೇರೆ ಕಾರ್ಖಾನೆಗಳಲ್ಲಿ ಲೇತು ಒಂದು ಸುತ್ತು ತಿರುಗಿಸುತ್ತಾರಲ್ಲ, ಹಾಗೆ. ಎಲ್ಲರೂ ಕೈಮುಗಿದು ನಿಂತಿದ್ದರು. ನಾನು ಎಂಟರ್ ಒತ್ತಿದೆ. ಸ್ವಲ್ಪ ಹೊತ್ತು ಸಾಲುಗಳು ಓಡಿದವು. ಆಮೇಲೆ ಒಂದು ಕೆಂಪು ಸಾಲು ಬಂದು ನಿಂತಿತು: ರಿಕವರಿ ಎಂಬ ಫೈಲ್ ಇಲ್ಲ, ಅದನ್ನು ಮಾಡುವ ದಾರಿ ನನಗೆ ಗೊತ್ತಿಲ್ಲ, ನಿಲ್ಲಿಸಿದ್ದೇನೆ.

ಮೇಕ್‌ಫೈಲ್ ಓದಿ ಕೆಲಸ ಮಾಡುವ ಮೇಕ್ ಎಂಬ ಪ್ರೋಗ್ರಾಂ ಒರಟು, ಆದರೆ ಸುಳ್ಳು ಹೇಳುವುದಿಲ್ಲ.

"ಏನ್ರೀ ಇದು ಕೆಂಪು, ಹಬ್ಬದ ದಿನ?" ಎಂದರು ಮಾಲೀಕರು.

"ಏನಿಲ್ಲ, ಒಂದು ಫೈಲು ಹಳೇದ್ರಲ್ಲಿ ಉಳ್ಕೊಂಡಿದೆ."

"ಶುಭ ಕಾರ್ಯಕ್ಕೆ ಮೊದಲೇ ನಿಲ್ಲಬಾರದು ಕಣ್ರೀ. ಏನಾದ್ರೂ ಮಾಡಿ. ಕರ್ಪೂರ ಉರಿದು ಹೋಗ್ತಾ ಐತೆ."

ಹಾರ ತೆಗೆದು, ಹಳೆಯ ಕಂಪ್ಯೂಟರ್ ಮತ್ತೆ ಆನ್ ಮಾಡಿ, ಫೈಲ್ ತರಬಹುದಿತ್ತು. ಆದರೆ ಈಗಷ್ಟೇ ಬೀಳ್ಕೊಟ್ಟವರನ್ನು ಹಾರದ ಸಮೇತ ವಾಪಸು ಕರೆಯುವುದು ಹೇಗೆ? ನಾನು ಮೇಕ್‌ಫೈಲ್ ತೆರೆದು ಒಂದು ಸಾಲು ತಿದ್ದಿದೆ. ಅದರ ಅರ್ಥ ಇಷ್ಟು: ರಿಕವರಿ ಫೈಲ್ ಕಣ್ಣಿಗೆ ಬಿದ್ದರೆ ಪಟ್ಟಿಗೆ ಸೇರಿಸು, ಇಲ್ಲದಿದ್ದರೆ ಮುಂದೆ ನಡಿ. ವಡೆ ಇದ್ದರೆ ಹಾಕು.

ಪಕ್ಕದಲ್ಲಿ ನಿಂತಿದ್ದ ಕಿರಿಯ ಇಂಜಿನಿಯರ್ ಮೆಲ್ಲಗೆ, "ಸಾರ್, ಇಲ್ಲ ಅಂದ್ರೆ ಅದು ನಿಲ್ಲೋದೇ ಒಳ್ಳೇದಲ್ವಾ?" ಎಂದರು.

"ಅದು ಐಚ್ಛಿಕ ಕಣಮ್ಮ. ಬೊಂಬೆ ಮೆಷಿನ್ನಿಗೆ ಎಲ್ಲಿದೆ ರಿಕವರಿ? ಹಬ್ಬ ಮುಗೀಲಿ, ನೋಡೋಣ."

ಮತ್ತೆ ಎಂಟರ್ ಒತ್ತಿದೆ. ಹಸಿರು ಸಾಲು ಬಂತು. ಚಪ್ಪಾಳೆಯಾಯಿತು, ಗೇಟಿನ ಹತ್ತಿರ ಬೂದುಗುಂಬಳ ಒಡೆದರು, ಕಡ್ಲೆಪುರಿ ಹಂಚಿದರು. ಹಬ್ಬ ಮುಗಿಯಿತು. ನಾನು ನೋಡಲಿಲ್ಲ.

ಹಬ್ಬದ ನಂತರ ಹುಳುಮನೆಯ ಪೆಟ್ಟಿಗೆಗಳಿಗೆ ಒಂದು ಹೊಸ ಪ್ರೋಗ್ರಾಂ ಕಳಿಸಿದೆವು. ದೊಡ್ಡ ಬದಲಾವಣೆಯೇನಲ್ಲ, ಪರದೆಯ ಮೇಲಿನ ಅಂಕಿಗಳು ದಪ್ಪಗಾಗಿದ್ದವು. ಅದನ್ನು ಕೇಳಿದ್ದು ಕೈಲಾಂಚದ ಅಕ್ಕನೇ. "ನಮ್ಮತ್ತೆಗೆ ಕಣ್ ಕಾಣಕಿಲ್ಲ, ಒಸಿ ದಪ್ಪುಕ್ ಬರೀರಿ" ಎಂದಿದ್ದರು. ದಪ್ಪ ಅಂಕಿಗೆ ಪರೀಕ್ಷೆ ಏನು ಎಂದುಕೊಂಡು, ಪ್ರತಿ ಸಲ ಮಾಡುತ್ತಿದ್ದ ಪರೀಕ್ಷೆಯನ್ನು, ಅಂದರೆ ಬರೆಯುತ್ತಿರುವಾಗಲೇ ಪ್ಲಗ್ ಕಿತ್ತು ನೋಡುವುದನ್ನು, ಈ ಸಲ ಬಿಟ್ಟೆ.

ನಮ್ಮ ಅಪ್‌ಡೇಟ್ ನಡೆಯುವ ಕ್ರಮ ಹೀಗೆ: ಹೊಸ ಪೊಟ್ಟಣದಲ್ಲಿರುವ ರಿಕವರಿಯೂ ಪೆಟ್ಟಿಗೆಯಲ್ಲಿರುವುದೂ ಒಂದೇ ಆಗಿದ್ದರೆ ಅದನ್ನು ಮುಟ್ಟುವುದಿಲ್ಲ, ಮುಖ್ಯ ಪ್ರೋಗ್ರಾಮನ್ನಷ್ಟೇ ಬದಲಿಸುತ್ತದೆ. ಬೇರೆಯಾಗಿದ್ದರೆ ಬೂಟ್‌ಲೋಡರ್ ಒಂದನ್ನು ಬಿಟ್ಟು ಎಲ್ಲವನ್ನೂ ಒರೆಸಿ ಮೊದಲಿನಿಂದ ಬರೆಯುತ್ತದೆ. ಈ ಪೊಟ್ಟಣದಲ್ಲಿ ರಿಕವರಿ ಇರಲೇ ಇಲ್ಲ. ಪೆಟ್ಟಿಗೆ ವಿಧೇಯವಾಗಿ ಎಲ್ಲವನ್ನೂ ಒರೆಸಿತು, ರಿಕವರಿಯ ಜಾಗಕ್ಕೆ ಬರೆಯಲು ಏನೂ ಸಿಗಲಿಲ್ಲ, ಮುಂದೆ ಹೋಯಿತು. ಬಹಳ ಪೆಟ್ಟಿಗೆಗಳು ದಪ್ಪ ಅಂಕಿ ತೋರಿಸುತ್ತ ಸುಖವಾಗಿ ಎದ್ದವು. ಕೈಲಾಂಚದಲ್ಲಿ ಮಾತ್ರ, ಇನ್ನೂ ಬರೆಯುತ್ತಿರುವಾಗಲೇ, ಸಂಜೆ ಗುಡುಗು ಬಂದು ಕರೆಂಟು ಹೋಯಿತು.

ಅಕ್ಕನ ಫೋನು ಬಂದದ್ದು ಮರುದಿನ ಬೆಳಿಗ್ಗೆ. ಕರೆಂಟು ಬಂದ ಮೇಲೂ ಪೆಟ್ಟಿಗೆ ಕಣ್ಣು ಬಿಟ್ಟಿರಲಿಲ್ಲ. ಪೆಟ್ಟಿಗೆ ಸತ್ತರೆ ಫ್ಯಾನೂ ನಿಲ್ಲುತ್ತದೆ. ಫ್ಯಾನು ನಿಂತಿದೆ ಎಂದು ಸಂದೇಶ ಕಳಿಸಬೇಕಾದದ್ದೂ ಅದೇ ಪೆಟ್ಟಿಗೆ. ಸಂದೇಶ ಬರಲಿಲ್ಲವಾದ್ದರಿಂದ ಎಲ್ಲ ಸರಿಯಿದೆ ಎಂದು ಅವರು ನಂಬಿದ್ದರು. ಬೆಳಿಗ್ಗೆ ಸೊಪ್ಪು ಹಾಕಲು ಬಾಗಿಲು ತೆಗೆದರೆ ಒಳಗೆ ಹಬೆ, ಹುಳುಗಳ ಹಾಸಿಗೆಯ ಸೊಪ್ಪು ಬೆವೆತು ಕೂತಿತ್ತು. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮುಕ್ಕುತ್ತಿದ್ದ ಹುಳುಗಳು. ಇನ್ನು ಕೆಲವೇ ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಾದವು. ಆ ಹೊತ್ತಿನಲ್ಲಿ ತೇವ ನಿಂತರೆ ಸುಣ್ಣಕಟ್ಟು ರೋಗ ಬರುತ್ತದೆ. ಹುಳು ಸೆಟೆದು ಸೀಮೆಸುಣ್ಣದ ಕಡ್ಡಿಯಂತಾಗುತ್ತದೆ.

ಫೋನು ಎತ್ತಿದವರು ಮಾಲೀಕರು. "ಕರೆಂಟ್ ಆಟ ಕಣಮ್ಮ ಅದು. ನಾವೇನ್ ಮಾಡಕಾಯ್ತದೆ? ನಮ್ಮೋರ್ನ ಕಳಿಸ್ತೀನಿ ಬುಡಿ" ಎಂದರು. ನಮ್ಮೋರು ಎಂದರೆ ನಾನು. ಮೊಪೆಡ್ಡಿನಲ್ಲಿ ಹೊರಟೆ. ದಾರಿಯುದ್ದಕ್ಕೂ ನಾನೂ ಕರೆಂಟನ್ನೇ ಬೈದುಕೊಂಡು ಹೋದೆ ಎಂಬುದನ್ನು ಇಲ್ಲಿ ನಮೂದಿಸಬೇಕು.

ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನ ತಟ್ಟೆ ಇತ್ತು. ನಾನು ಚಪ್ಪಲಿ ಬಿಟ್ಟು ಕಾಲು ಅದ್ದಲು ಹೋದೆ.

"ಅಲ್ಲೇ ನಿಂತ್ಕಳಿ" ಎಂದರು ಅಕ್ಕ ಒಳಗಿನಿಂದ. "ನೆನ್ನೆ ಎಲ್ಲೋಗಿದ್ರಿ?"

"ಕೂಟಗಲ್ ಕಡೆ ಒಂದು ಹುಳುಮನೆಗೆ."

"ಅಂಗಾರೆ ಒಳೀಕ್ ಬರಬ್ಯಾಡಿ. ಅವ್ರ ಮನೆ ರೋಗ ನಮ್ಮನೇಗ್ ಬ್ಯಾಡ. ನಮ್ದೇ ಸಾಕಾಗೈತೆ."

ಪೆಟ್ಟಿಗೆ ಕಿಟಕಿಯ ಸರಳಿನ ಸಂದಿಯಿಂದ ಹೊರಗೆ ಬಂತು. ನಾನು ಜಗಲಿಯ ಮೇಲೆ ಕೂತು ಅದರ ಹೊಟ್ಟೆ ಬಿಚ್ಚಿದೆ. ಅಷ್ಟರಲ್ಲಿ ಅಕ್ಕ ಮತ್ತು ಅವರ ಗಂಡ ಕಿಟಕಿಯ ಗೋಣಿಪರದೆಗಳನ್ನೆಲ್ಲ ಎತ್ತಿ ಕಟ್ಟಿ, ಫ್ಯಾನನ್ನು ನೇರ ಕರೆಂಟಿಗೆ ಕೊಟ್ಟು, ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದರು. ನಾನು ಕೇಬಲ್ ಸಿಕ್ಕಿಸಿ, ಬೂಟ್‌ಲೋಡರ್ ಏನು ಹೇಳುತ್ತದೆಂದು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಅದು ಎದ್ದಿತ್ತು, ಪಾಪ. ಬಾಗಿಲು ತೆಗೆದು, ಒಲೆ ಹಚ್ಚಿ, ಎಬ್ಬಿಸಲು ಯಾರೂ ಇಲ್ಲದೆ ನಿಂತಿತ್ತು. ಪರದೆಯ ಮೇಲೆ ಅದೇ ಸಾಲುಗಳು ಮತ್ತೆ ಮತ್ತೆ: ಮುಖ್ಯ ಪ್ರತಿ ಕೆಟ್ಟಿದೆ. ರಿಕವರಿ ಖಾಲಿ. ಕಾಯುತ್ತಿದ್ದೇನೆ.

ಖಾಲಿ ಎಂಬ ಪದವನ್ನು ನೋಡಿದ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಎಂಟರ್ ಬಟನ್ನಿನ ಮೇಲಿನ ಕುಂಕುಮ.

ಅಕ್ಕ ಕಿಟಕಿಗೆ ಬಂದರು. ಕೈತುಂಬ ಸುಣ್ಣ. "ಏನಂತದೆ ಸಾರ್ ಅದು?"

"ಕಾಯ್ತಾ ಇದೀನಿ ಅಂತದೆ ಅಕ್ಕ."

"ಯಾರ್ನ?"

"ನನ್ನ."

ಅವರು ಕಿಟಕಿಯ ಸರಳು ಹಿಡಿದುಕೊಂಡರು. "ಎರಡ್ ಜೀವ ಐತೆ ಅಂದಿದ್ರಲ್ಲ. ಇನ್ನೊಂದೆಲ್ಲೋಯ್ತು?"

ಕರೆಂಟು ಎನ್ನಬಹುದಿತ್ತು. ಮಾಲೀಕರು ಆಗಲೇ ದಾರಿ ಮಾಡಿಕೊಟ್ಟಿದ್ದರು, ಗುಡುಗೂ ಸಾಕ್ಷಿ ಹೇಳುತ್ತಿತ್ತು. "ನಾವು ಹಾಕಿ ಕಳ್ಸೋದು ಬಿಟ್ಟಿದ್ವಿ ಅಕ್ಕ. ಅಂದ್ರೆ, ನಾನು ಬಿಟ್ಟಿದ್ದೆ" ಎಂದೆ.

"ಮರ್ತೋಯ್ತಾ?"

"ಮರ್ತಿರ್ಲಿಲ್ಲ. ಇಲ್ಲ ಅಂದ್ರೂ ನಡೀತದೆ ಅಂತ ಬರ್ದಿದ್ದೆ."

ಬೈದಿದ್ದರೆ ಹಗುರವಾಗುತ್ತಿತ್ತು. ಅವರು, "ನಮ್ಮ ಮನೇಲಿ ನಡೀನಿಲ್ಲ ನೋಡಿ" ಎಂದಷ್ಟೇ ಹೇಳಿ ಒಳಗೆ ಹೋದರು. ಸುಣ್ಣದ ಬೆರಳಚ್ಚು ಕಿಟಕಿಯ ಸರಳಿನ ಮೇಲೆ ಉಳಿಯಿತು. ನಾನು ಮುಖ್ಯ ಪ್ರೋಗ್ರಾಮನ್ನು ಕೇಬಲ್ ಮೂಲಕ ಮತ್ತೆ ಬರೆದೆ. ಪೆಟ್ಟಿಗೆ ಎದ್ದಿತು. ದಪ್ಪ ಅಂಕಿಯಲ್ಲಿ ತೇವ ಎಷ್ಟಿದೆಯೆಂದು ತೋರಿಸಿತು. ಜಗಲಿಯಲ್ಲಿ ಕೂತಿದ್ದ ಅತ್ತೆ ಕಣ್ಣು ಕಿರಿದು ಮಾಡಿ, "ಈಗ ಚೆಂದಾಗ್ ಕಾಣ್ತದೆ ಕಣಪ್ಪ" ಎಂದರು. ಆ ಶ್ಲಾಘನೆಯನ್ನು ಸ್ವೀಕರಿಸಲು ನಾನು ಮುಖ ಎಲ್ಲಿಡಬೇಕೋ ತಿಳಿಯದೆ ಸ್ಕ್ರೂ ಹುಡುಕಿದೆ.

ಶೆಡ್ಡಿಗೆ ವಾಪಸಾದಾಗ ಮಾಲೀಕರು ಕಾಯುತ್ತಿದ್ದರು. ರಿಕವರಿ ಹೋಗಿಲ್ಲ ಎಂದೆ. ಅವರಿಗೆ ತಟ್ಟನೆ ಬಂದ ಪ್ರಶ್ನೆ, "ರಿಲೀಸ್ ಒತ್ತಿದ್ದು ಯಾರು?"

"ನಾನೇ ಸಾರ್" ಎಂದರು ಕಿರಿಯ ಇಂಜಿನಿಯರ್.

"ಏನಮ್ಮ, ಒಳಗಡೆ ಏನೈತೆ ಏನಿಲ್ಲ ನೋಡದೇ ಒತ್ತೋದಾ? ಮಾಗಡಿ ಬಸ್ಸಿಗೆ ಹೊತ್ತಾಯ್ತು ಅಂತ ಒತ್ತಿದ್ಯಾ?"

ನಾನು ಆಗ ನೀರು ಕುಡಿಯುತ್ತಿದ್ದೆ. ಬಾಟಲಿ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಕುಡಿದೆ. ಆ ಹುಡುಗಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ಇನ್ನೂ ಸ್ವಲ್ಪ ಕುಡಿಯುತ್ತಿದ್ದೆ. ಬಾಟಲಿ ಕೆಳಗಿಟ್ಟು, "ಆಕೆ ಒತ್ತಿದ್ದು ಸರಿಯಾಗೇ ಇತ್ತು. ಇಲ್ಲ ಅಂತ ಹೇಳೋ ಬಾಯನ್ನ ನಾನು ಹೊಲಿದಿದ್ದೆ, ಹಬ್ಬದ ದಿನ" ಎಂದೆ.

ಮಾಲೀಕರಿಗೆ ಕರ್ಪೂರ ನೆನಪಾಯಿತು. "ನಾನ್ ಕೆಂಪು ಬ್ಯಾಡ ಅಂದೆ ಕಣ್ರೀ. ಜೀವ ತೆಗೀರಿ ಅಂದ್ನಾ?"

ನಾನು ಬಾಟಲಿಗೆ ಮುಚ್ಚಳ ಹಾಕಿದೆ.

ಆದರೆ ಅಸಲು ಕಷ್ಟ ಅಕ್ಕನ ಪೆಟ್ಟಿಗೆಯದಲ್ಲ. ಉಳಿದ ಮನೆಗಳ ಪೆಟ್ಟಿಗೆಗಳೆಲ್ಲ ಒಂದೇ ಜೀವದಲ್ಲಿ ಓಡುತ್ತಿದ್ದವು, ಮನೆಯವರಿಗೆ ಗೊತ್ತಿರಲಿಲ್ಲ. ಹಳೆಯ ಕಂಪ್ಯೂಟರಿನ ಬಾಡಿದ ಹಾರ ತೆಗೆದು, ಆನ್ ಮಾಡಿ, ಫೈಲ್ ತೆಗೆದುಕೊಂಡೆವು. "ಇನ್ನೇನು, ಅದನ್ನ ಹಾಕಿ ಎಲ್ಲರಿಗೂ ಕಳಿಸಿ. ಒಂದು ಬಟನ್ ಒತ್ತಿದ್ರೆ ಮುಗೀತಲ್ಲ. ಯಾರಿಗೂ ಏನೂ ಹೇಳೋ ಪ್ರಮೇಯ ಇಲ್ಲ" ಎಂದರು ಮಾಲೀಕರು.

ಬಟನ್ ಒತ್ತಲು ನನಗೂ ಕೈ ತುರಿಸುತ್ತಿತ್ತು. ಕಿರಿಯ ಇಂಜಿನಿಯರ್ ನೆನಪಿಸಿದರು: "ಸಾರ್, ರಿಕವರಿ ಬೇರೆ ಇದೆ ಅಂದ್ರೆ ಪೆಟ್ಟಿಗೆ ಎಲ್ಲಾನೂ ಒರೆಸುತ್ತೆ. ಬರೆಯೋ ಅಷ್ಟು ಹೊತ್ತು ಒಂದು ಜೀವಾನೂ ಇರಲ್ಲ." ಹೊರಗೆ ಮತ್ತೆ ಮೋಡ ಕಟ್ಟುತ್ತಿತ್ತು. ಕಳೆದುಹೋದ ಎರಡನೇ ಜೀವವನ್ನು ವಾಪಸು ಕೊಡಲು ಹೋಗಿ, ಇದ್ದ ಒಂದನ್ನೂ ತೆಗೆಯುವ ವ್ಯವಸ್ಥೆ. ಹಬ್ಬದ ಹಿಂದಿನ ದಿನದ ನಾನಾಗಿದ್ದರೆ, ಅಷ್ಟು ಹೊತ್ತು ಕರೆಂಟು ಇರುತ್ತದೆ ಬಿಡಿ ಎನ್ನುತ್ತಿದ್ದೆ.

"ಕಳಿಸಲ್ಲ" ಎಂದೆ. "ಮನೆ ಮನೆಗೆ ಹೋಗಿ ಕೇಬಲ್‌ನಲ್ಲಿ ಬರೀತೀನಿ. ಯಾಕೆ ಬಂದೆ ಅಂತಲೂ ಹೇಳ್ತೀನಿ."

"ಹೇಳಿದ್ರೆ ವಾಪಸ್ ಕೊಡ್ತಾರೆ ಕಣ್ರೀ."

"ಕೊಡ್ಲಿ."

ಮಾಲೀಕರು ಬಹಳ ಹೊತ್ತು ಕ್ಯಾಲೆಂಡರ್ ನೋಡಿದರು, ರಾಹುಕಾಲ ಹುಡುಕುವವರ ಹಾಗೆ. "ಪೆಟ್ರೋಲ್ ಹಾಕ್ಸ್ಕೊಂಡು ಹೋಗಿ" ಎಂದರು.

ಹೊರಡುವ ಮೊದಲು ಮೇಕ್‌ಫೈಲ್ ಸರಿಮಾಡಬೇಕಿತ್ತು. ಈ ಸಲ ಬರೆದವರು ಕಿರಿಯ ಇಂಜಿನಿಯರ್, ಪಕ್ಕದಲ್ಲಿ ಕೂತು ಆಕ್ಷೇಪಣೆ ಎತ್ತಿದವನು ನಾನು. ಮೊದಲು ರಿಕವರಿಯನ್ನು ನನ್ನ ಮಡಿ ಮುರಿದು ಉಳಿದ ಪ್ರೋಗ್ರಾಮಿನ ಜೊತೆಗೇ ತಂದಿಟ್ಟೆವು. ಆಮೇಲೆ ಇಚ್ಛೆಯ ಪ್ರಶ್ನೆ. ಫೈಲ್ ಇದೆಯೋ ಇಲ್ಲವೋ ಎಂದು ನೋಡಿ ಬೇಕೋ ಬೇಡವೋ ತೀರ್ಮಾನಿಸುವ ಅಧಿಕಾರವನ್ನು ಕಂಪ್ಯೂಟರಿನಿಂದ ಕಿತ್ತುಕೊಂಡೆವು. ಒಂದೊಂದು ಪೆಟ್ಟಿಗೆಯ ವಿವರದಲ್ಲೂ ರಿಕವರಿ ಬೇಕು ಅಥವಾ ಬೇಡ ಎಂದು ಮನುಷ್ಯರೊಬ್ಬರು ಬರೆದಿರಬೇಕು. ಬೇಕು ಎಂದು ಬರೆದು ಫೈಲ್ ಇಲ್ಲದಿದ್ದರೆ ನಿಲ್ಲಬೇಕು. ಏನೂ ಬರೆಯದಿದ್ದರೂ ನಿಲ್ಲಬೇಕು. ಬೇಡ ಎಂದಿದ್ದರೆ, ಈ ಪೆಟ್ಟಿಗೆಗೆ ಒಂದೇ ಜೀವ ಎಂದು ಪ್ರತಿ ಸಲವೂ ಪರದೆಯ ಮೇಲೆ ಸಾರಬೇಕು. ಬೊಂಬೆ ಯಂತ್ರದ ವಿವರದಲ್ಲಿ ಬೇಡ ಎಂದು ಬರೆದೆವು.

ಪರೀಕ್ಷೆಗೆಂದು ರಿಕವರಿ ಫೈಲನ್ನು ಬಚ್ಚಿಟ್ಟು ಎಂಟರ್ ಒತ್ತಿದೆವು. ನಿಂತಿತು. ಕೆಂಪು ಸಾಲು ಬಂತು. ಇಬ್ಬರೂ ಹಬ್ಬದ ದಿನಕ್ಕಿಂತ ಹೆಚ್ಚು ಸಂತೋಷಪಟ್ಟೆವು.

ಆಮೇಲೆ ಆಕೆ ಇನ್ನೊಂದು ಪರೀಕ್ಷೆ ಮಾಡೋಣ ಎಂದರು. ಫೈಲನ್ನು ಅಲ್ಲೇ ಇಟ್ಟು, ಓದಲು ಬಾರದ ಹಾಗೆ ಅದಕ್ಕೆ ಬೀಗ ಹಾಕಿದರು. ಎಂಟರ್ ಒತ್ತಿದೆವು. ಹಸಿರು! ಪೊಟ್ಟಣ ಬಿಚ್ಚಿ ನೋಡಿದರೆ ರಿಕವರಿ ಇಲ್ಲ. ಹುಡುಕಿದಾಗ ಸಿಕ್ಕಿದ್ದು ಒಂದು ಅಡ್ಡಗೆರೆ. ಮೇಕ್‌ಫೈಲಿನಲ್ಲಿ ಒಂದು ಆಜ್ಞೆಯ ಮೊದಲು ಸಣ್ಣ ಅಡ್ಡಗೆರೆ ಎಳೆದರೆ, ಇದು ಕೆಟ್ಟರೂ ಚಿಂತಿಲ್ಲ, ಮುಂದೆ ಹೋಗು ಎಂದು ಅರ್ಥ. ರಿಕವರಿಯನ್ನು ಪೊಟ್ಟಣಕ್ಕೆ ನಕಲು ಮಾಡುವ ಸಾಲಿನ ಮೊದಲು ಆ ಗೆರೆ ಕೂತಿತ್ತು. ಯಾವತ್ತೋ, ಯಾವುದೋ ಅವಸರಕ್ಕೆ ನಾನೇ ಎಳೆದದ್ದು. ಯಾವ ಅವಸರ ಎಂದು ನೆನಪಾಗಲಿಲ್ಲ. ಹಬ್ಬವಂತೂ ಇರಲಿಲ್ಲ.

"ಇಂಥದ್ದು ಇನ್ನೆಷ್ಟಿದೆ ಸಾರ್?" ಎಂದರು ಆಕೆ.

"ನೋಡೋಣಮ್ಮ" ಎಂದೆ. ಈ ಸಲ ನೋಡಿದೆವು. ಸಂಜೆಯ ಮಾಗಡಿ ಬಸ್ಸಿನ ಹೊತ್ತಿನವರೆಗೆ ಒಂದೊಂದೇ ಗೆರೆ ಹುಡುಕಿ ಅಳಿಸಿದೆವು. ಪ್ರತಿಯೊಂದನ್ನೂ ನಾನೇ ಎಳೆದಿದ್ದೆ. ಪೂಜೆಯ ದಿನ ನಿಲ್ಲಲಿ ಎಂದವರು ನೀವು, ಸುಮ್ಮನಾಗಿಸಿದವನು ನಾನು ಎಂದು ಹೇಳಲು ಎರಡು ಸಲ ಶುರುಮಾಡಿದೆ. "ಬಿಡಿ ಸಾರ್, ಮುಂದಿನ ಗೆರೆ" ಎಂದರು.

ಮನೆ ಮನೆಯ ಸುತ್ತಾಟ ನಾನು ಅಂದುಕೊಂಡಷ್ಟು ಬೇಗ ಮುಗಿಯಲಿಲ್ಲ. ಹುಳು ಇರುವಾಗ ಯಾರೂ ಒಳಗೆ ಬಿಡುವುದಿಲ್ಲ. ಪೆಟ್ಟಿಗೆ ಕಳಚಿ ಕೊಡಿ ಎನ್ನಲೂ ಮನಸ್ಸು ಬರಲಿಲ್ಲ. ಗೂಡು ಬಿಡಿಸಿ, ಮಾರುಕಟ್ಟೆಗೆ ಹಾಕಿ, ಹುಳುಮನೆ ತೊಳೆದು ಬ್ಲೀಚಿಂಗ್ ಹೊಡೆದು, ಮುಂದಿನ ಮರಿಹುಳು ತರುವ ಮೊದಲಿನ ಖಾಲಿ ದಿನಗಳಲ್ಲೇ ಹೋಗಬೇಕು. ಒಂದೊಂದು ಮನೆಯ ಖಾಲಿ ದಿನ ಒಂದೊಂದು. ಅಲ್ಲಿಯವರೆಗೆ ಯಾವುದೇ ಅಪ್‌ಡೇಟ್ ಕಳಿಸುವುದಿಲ್ಲವೆಂದು ಫೋನಿನಲ್ಲಿ ಹೇಳಿ, ಪೆಟ್ಟಿಗೆಯನ್ನು ನಂಬಿ ಮಲಗಬೇಡಿ, ಆಗಾಗ ಫ್ಯಾನು ನೋಡಿಕೊಳ್ಳಿ ಎಂದೂ ಹೇಳಿದೆ. ಪೆಟ್ಟಿಗೆ ಮಾರಿದವನೇ ಅದನ್ನು ನಂಬಬೇಡಿ ಎಂದು ಊರೂರಿಗೆ ಫೋನು ಮಾಡುವುದನ್ನು ಮಾಲೀಕರು ಕೇಳಲಾರದೆ ಹೊರಗೆ ಹೋಗಿ ನಿಂತಿದ್ದರು.

ಕೂಟಗಲ್ಲಿನ ಒಬ್ಬರು ಪೂರ್ತಿ ಕೇಳಿಸಿಕೊಂಡು, "ಗೊತ್ತಿಲ್ದಂಗಿದ್ರೆ ನಿದ್ದೆನಾರ ಬರ್ತಿತ್ತು ಕಣ್ ಬುಡಿ ಸಾರ್" ಎಂದರು. ಕನಕಪುರ ರಸ್ತೆಯ ಇನ್ನೊಬ್ಬರು ಕಾಫಿ ಕೊಟ್ಟು, ಪೆಟ್ಟಿಗೆ ಸರಿಮಾಡಿಸಿಕೊಂಡು, ಕೊನೆಗೆ, "ಕೈಲಾಂಚದ ನಮ್ಮ ನೆಂಟ್ರು ಹೇಳಿದ್ರು ಅಂತ ಹಾಕ್ಸಿದ್ದು ನಾವು. ಅವ್ರಿಗೆ ಏನಂತ ಉತ್ತರ ಹೇಳಿದ್ರಿ?" ಎಂದು ಕೇಳಿದರು. ಲೋಟದಲ್ಲಿ ಉಳಿದಿದ್ದ ಕಾಫಿ ಅಷ್ಟಕ್ಕೇ ನಿಂತಿತು.

ಅಕ್ಕನ ಮನೆಯ ಖಾಲಿ ದಿನ ಬಂದಾಗ ಹೋದೆ. ಅಷ್ಟರಲ್ಲಿ ಅವರ ಬೆಳೆಯ ಸುದ್ದಿ ಗೊತ್ತಾಗಿತ್ತು. ಗಾಳಿ ಆಡದ ಒಳಮೂಲೆಯ ಅಟ್ಟಣೆಗಳಲ್ಲಿ ಸುಣ್ಣಕಟ್ಟು ಬಂದಿತ್ತು. ಸೆಟೆದ ಹುಳುಗಳನ್ನು ಆರಿಸಿ, ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ್ದರು. ಬದುಕಿದವು ಗೂಡು ಕಟ್ಟಿದ್ದವು. ಅವನ್ನು ಮಾರುಕಟ್ಟೆಗೆ ಒಯ್ದರೆ, ನೂಲು ತೆಗೆಯುವ ರೀಲರುಗಳು ಕೈಯಲ್ಲಿ ಹಿಡಿದು ಅದುಮಿ ನೋಡಿ, ಗೂಡಿನ ಕವಚ ತೆಳ್ಳಗಿದೆ ಎಂದು ಪಕ್ಕದ ರಾಶಿಗೆ ಹೋಗಿದ್ದರಂತೆ.

ಈ ಸಲ ಒಳಗೆ ಬಿಟ್ಟರು. ಹುಳುಮನೆ ತೊಳೆದು ಬರಿದಾಗಿತ್ತು. ಮಾತಾಡಿದರೆ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಪೆಟ್ಟಿಗೆ ಕೆಳಗಿಳಿಸಿ, ಕೇಬಲ್ ಹಾಕಿ ಎಲ್ಲ ಬರೆದು ಮುಗಿಸಿ, ಫ್ಯಾನಿನ ವೈರನ್ನು ಅದಕ್ಕೆ ಸಿಕ್ಕಿಸಿದೆ.

"ಈಗೆಷ್ಟ್ ಜೀವ?" ಎಂದರು ಅಕ್ಕ.

"ಎರಡು."

"ಹೇಳ್ತೀರಿ. ಹೋದ್ ಸಲಾನೂ ಹೇಳಿದ್ರಿ. ತೋರ್ಸಿ."

ನಾನು ಲ್ಯಾಪ್‌ಟಾಪಿನಿಂದ ಮುಖ್ಯ ಪ್ರೋಗ್ರಾಮನ್ನು ಮತ್ತೊಮ್ಮೆ ಬರೆಯಲು ಶುರುಮಾಡಿ, "ಈಗ ಪ್ಲಗ್ ಕಿತ್ತು ಹಾಕಿ ಅಕ್ಕ, ನಿಮಗೆ ಯಾವಾಗ ಅನ್ಸುತ್ತೋ ಆವಾಗ" ಎಂದೆ. ಅವರು ಪ್ಲಗ್ಗಿನ ಮೇಲೆ ಕೈಯಿಟ್ಟು, ನನ್ನ ಮುಖವನ್ನೇ ನೋಡುತ್ತ ಕಾದರು. ಎಷ್ಟು ಕಾದರೆಂದರೆ, ನಾನು ಬೆವೆತೆ. ಆಮೇಲೆ ಕಿತ್ತರು. ಪರದೆ ಆರಿತು. ಮತ್ತೆ ಹಾಕಿದರು. ಸ್ವಲ್ಪ ಹೊತ್ತಿಗೆ ರಿಕವರಿ ಎದ್ದು, ಫ್ಯಾನು ತಿರುಗಿತು. ಇನ್ನೊಂದು ಸಲ ಕಿತ್ತರು. ಆಗಲೂ ಎದ್ದಿತು. ಮೂರನೇ ಸಲ ಅತ್ತೆಯನ್ನು ಕರೆದು ಅವರ ಕೈಯಲ್ಲಿ ಕೀಳಿಸಿದರು.

"ಆಯ್ತು ಬುಡಿ" ಎಂದರು ಅಕ್ಕ. "ಇದ್ನ ಅವತ್ತೇ ಮಾಡಿದ್ರೆ ಏನಾಗ್ತಿತ್ತು ಸಾರ್?"

ನನಗೆ ಹೇಳಲು ಏನೂ ಇರಲಿಲ್ಲ. ಇಲ್ಲ ಎಂದೆ: "ಹೇಳೋಕೆ ಏನೂ ಇಲ್ಲ ಅಕ್ಕ."

ಮುಖ್ಯ ಪ್ರೋಗ್ರಾಮನ್ನು ಪೂರ್ತಿ ಬರೆದು, ಫ್ಯಾನಿನ ವೈರು ಬಿಚ್ಚಿ, ಪೆಟ್ಟಿಗೆ ಅವರ ಕೈಗೆ ಕೊಟ್ಟೆ. ಅಕ್ಕ ಅದನ್ನು ಮೊದಲಿದ್ದ ಮೊಳೆಗೇ ನೇತುಹಾಕಿದರು. ಅದು ಈಗಲೂ ಅಲ್ಲಿದೆ, ತೇವವನ್ನು ದಪ್ಪ ಅಂಕಿಯಲ್ಲಿ ಸರಿಯಾಗಿ ತೋರಿಸುತ್ತದೆ. ಫ್ಯಾನಿನ ವೈರನ್ನು ಅವರು ಅದಕ್ಕೆ ಮತ್ತೆ ಕೊಡಲಿಲ್ಲ. ಫ್ಯಾನಿಗೆಂದು ಬಾಗಿಲ ಪಕ್ಕ ಒಂದು ಸ್ವಿಚ್ಚು ಹಾಕಿಸಿಕೊಂಡಿದ್ದಾರೆ.